ಪ್ಯಾಕಿಂಗ್ ಪ್ಲಾಸ್ಟಿಕ್‌ನ ಲೆಕ್ಕ: ಇಪಿಆರ್ ಕೆಲಸ ನಾನು ಮಾಡಿದ ರೀತಿ

ಎಣ್ಣೆ, ಮಸಾಲೆ ಪುಡಿ ಮಾರುವ ಕಂಪನಿಯಲ್ಲಿ ಇಪಿಆರ್, ಅಂದರೆ ಉತ್ಪಾದಕರ ವಿಸ್ತರಿತ ಹೊಣೆಗಾರಿಕೆಯ ಕೆಲಸ ನೋಡಿಕೊಳ್ಳುವುದು ನಾನು. ನಮ್ಮ ಬ್ರ್ಯಾಂಡ್ ಹೆಸರಲ್ಲಿ ಎಷ್ಟು ಪ್ಲಾಸ್ಟಿಕ್ ಹೊರಗೆ ಹೋಗುತ್ತದೋ ಅದರ ಹೊಣೆಯೂ ನಮ್ಮದೇ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಈ ಮಾತಿದೆ. 2022ರ ಫೆಬ್ರವರಿಯ ತಿದ್ದುಪಡಿ ಅದಕ್ಕೆ ವರ್ಷವಾರು ಗುರಿ ಕೊಟ್ಟಿತು. 2023-24ರಿಂದ ಗುರಿ ನೂರಕ್ಕೆ ನೂರು, ಅಂದರೆ ಲೆಕ್ಕಕ್ಕೆ ಬರುವ ಪ್ಲಾಸ್ಟಿಕ್‌ನಷ್ಟೂ ತೂಕದ ತ್ಯಾಜ್ಯ ಸಂಸ್ಕರಣೆಯಾಗಬೇಕು.

ಬ್ರ್ಯಾಂಡ್ ಮಾಲೀಕರಲ್ಲಿ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ವಿನಾಯಿತಿ ಇದೆ. ನಮ್ಮದು ಮಧ್ಯಮ ಗಾತ್ರದ್ದು, ಹಾಗಾಗಿ ಸಿಗಲಿಲ್ಲ. ಎರಡಕ್ಕಿಂತ ಜಾಸ್ತಿ ರಾಜ್ಯಗಳಲ್ಲಿ ಮಾರಿದರೆ ನೋಂದಣಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ. ಒಂದೆರಡು ರಾಜ್ಯವಾದರೆ ರಾಜ್ಯ ಮಂಡಳಿಯಲ್ಲಿ. ಎರಡಕ್ಕೂ ಪೋರ್ಟಲ್ ಒಂದೇ.

ನಿಜವಾದ ಕೆಲಸ ಇರುವುದು ತೂಕದಲ್ಲಿ. ಪ್ರತಿ ಪ್ಯಾಕನ್ನೂ ಬಿಡಿಸಿ, ಒಂದೊಂದು ಭಾಗವನ್ನೂ ಬೇರೆ ಬೇರೆ ತೂಗಿದೆ. ಬಾಟಲಿ, ಮುಚ್ಚಳ ಗಟ್ಟಿ ಪ್ಲಾಸ್ಟಿಕ್. ಅದು ಒಂದನೇ ವರ್ಗ. ಬರೀ ಪ್ಲಾಸ್ಟಿಕ್ ಪದರಗಳ ಪೌಚ್ ಎರಡನೇದು. ಒಳಗೆ ಅಲ್ಯೂಮಿನಿಯಂ ಹಾಳೆ ಇದ್ದರೆ ಮೂರನೇದು. ಹೊಳೆಯುವುದೆಲ್ಲ ಫಾಯಿಲ್ ಅಂತ ಸುಮ್ನೆ ಬರೆದುಕೊಳ್ಳಬೇಡಿ. ಯಾವ ಪದರ ಏನು, ಎಷ್ಟು ಗ್ರಾಂ ಅಂತ ಫಿಲ್ಮ್ ಕೊಡುವವರಿಂದ ಬರೆಸಿಕೊಳ್ಳಿ. ಗುರಿ ತಲುಪಿದ್ದಕ್ಕೆ ನಾವು ತೋರಿಸುವುದು ಸರ್ಟಿಫಿಕೇಟ್, ಅಂದರೆ ಇಷ್ಟು ಪ್ಲಾಸ್ಟಿಕ್ ಸಂಸ್ಕರಿಸಿದ್ದೇವೆ ಅಂತ ಸಂಸ್ಕರಣಾ ಘಟಕ ಕೊಡುವ ಪತ್ರ. ಒಂದು ವರ್ಗದ ಸರ್ಟಿಫಿಕೇಟ್ ಇನ್ನೊಂದಕ್ಕೆ ನಡೆಯುವುದಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಗುರಿಯ ಲೆಕ್ಕಕ್ಕೆ ಹಿಂದಿನ ಎರಡು ವರ್ಷಗಳ ತೂಕದ ಸರಾಸರಿ ತೆಗೆಯಬೇಕು. ಪ್ಯಾಕಿಂಗ್ ಮಷೀನ್ ಹತ್ತಿರ ಹಾಳಾಗುವ ಫಿಲ್ಮೂ ಅದರಲ್ಲಿ ಸೇರುತ್ತದೆ. ಖರೀದಿ ಬಿಲ್ಲಿಗೂ ಸ್ಟಾಕಿಗೂ ತಾಳೆ ನೋಡಿದ ಮೇಲೆಯೇ ಅಂಕಿ ತುಂಬಿದೆ.

ನಾನು ಸರ್ಟಿಫಿಕೇಟ್ ಕೊಳ್ಳುವುದು ನೋಂದಾಯಿತ ಸಂಸ್ಕರಣಾ ಘಟಕಗಳಿಂದ ಮಾತ್ರ. ಮಂಡಳಿಯ ತನಿಖೆಯಲ್ಲಿ ನಕಲಿ ಸರ್ಟಿಫಿಕೇಟ್‌ಗಳು ಸಿಕ್ಕಿದ್ದೂ ಉಂಟು. ಅದಕ್ಕೇ ನಾನು ಘಟಕಕ್ಕೇ ಹೋಗಿ ಯಂತ್ರ, ವಿದ್ಯುತ್ ಬಿಲ್, ಮಾಲು ಬಂದ ದಾಖಲೆ ಎಲ್ಲ ನೋಡುತ್ತೇನೆ. ಅಷ್ಟು ಟನ್ ಸಂಸ್ಕರಿಸುವ ಶಕ್ತಿಯೇ ಇಲ್ಲದ ಕಡೆ ಕಾಗದ ಮಾತ್ರ ಸಿಕ್ಕರೆ ಏನು ಪ್ರಯೋಜನ? ಕಸ ಇದ್ದಲ್ಲೇ ಇರುತ್ತದೆ ಅಲ್ವಾ.

ವಾರ್ಷಿಕ ರಿಟರ್ನ್‌ಗೆ ನಿಯಮದಲ್ಲಿರುವ ಗಡುವು ಜೂನ್ 30. ಗುರಿ ತಪ್ಪಿದರೆ ಪರಿಸರ ಪರಿಹಾರ ಕಟ್ಟಬೇಕು, ಆದರೆ ಕಟ್ಟಿದ ಮಾತ್ರಕ್ಕೆ ಹೊಣೆ ತೀರುವುದಿಲ್ಲ. ತೀರದೆ ಉಳಿದ ಬಾಕಿ ಮುಂದಿನ ಮೂರು ವರ್ಷ ನಮ್ಮ ಬೆನ್ನಿಗೇ ಇರುತ್ತದೆ. ಒಂದು ವರ್ಷದೊಳಗೆ ತೀರಿಸಿದರೆ ಕಟ್ಟಿದ್ದರಲ್ಲಿ ಶೇ 75, ಎರಡು ವರ್ಷದೊಳಗೆ ಶೇ 60, ಮೂರು ವರ್ಷದೊಳಗೆ ಶೇ 40 ವಾಪಸ್.

ಈ ತೂಕದ ಪಟ್ಟಿ ನನಗೆ ಇನ್ನೊಂದು ವಿಷಯ ತೋರಿಸಿತು. ಚಿಂದಿ ಆಯುವವರು ಬಾಟಲಿ ಎತ್ತಿಕೊಳ್ಳುತ್ತಾರೆ, ಫಾಯಿಲ್ ಪೌಚ್ ಬಿಟ್ಟುಹೋಗುತ್ತಾರೆ. ಅದಕ್ಕೆ ಗುಜರಿಯಲ್ಲಿ ಬೆಲೆಯಿಲ್ಲ. ನಮ್ಮ ಮೂರನೇ ವರ್ಗ ಪೂರ್ತಿ ಅಂಥದ್ದೇ. ಪುಡಿಯ ಬಾಳಿಕೆಗೆ ತೊಂದರೆಯಾಗದ ಕಡೆಯೆಲ್ಲ ಈಗ ಬರೀ ಪ್ಲಾಸ್ಟಿಕ್ ಪದರದ ಪೌಚ್‌ಗೆ ಬದಲಾಯಿಸುತ್ತಿದ್ದೇವೆ. ಹೊಸ ಪ್ಯಾಕ್ ಒಪ್ಪುವ ಮೊದಲು ಅದು ಯಾವ ವರ್ಗ, ಎಷ್ಟು ಗ್ರಾಂ ಅಂತ ಮಾರ್ಕೆಟಿಂಗ್‌ನವರು ನನ್ನನ್ನು ಕೇಳುತ್ತಾರೆ.