ಸೌರವ್ಯೂಹವನ್ನು ಬೀದಿಗಿಳಿಸಿದ ಬಗೆ: ನನ್ನ ಅನುಭವ

ಗೋಡೆಗೆ ತೂಗುಹಾಕುವ ಸೌರವ್ಯೂಹದ ಚಿತ್ರಪಟ ನೋಡದವರು ಕಡಿಮೆ. ಆದರೆ ಗ್ರಹಗಳ ಗಾತ್ರ, ಅವುಗಳ ನಡುವಿನ ದೂರ ಎರಡನ್ನೂ ಒಂದೇ ಅಳತೆಯಲ್ಲಿ ಅಂಥ ಹಾಳೆಯ ಮೇಲೆ ತೋರಿಸಲು ಬರುವುದಿಲ್ಲ. ದೂರವನ್ನು ಸರಿಯಾಗಿ ಬರೆದರೆ ಗ್ರಹಗಳು ಕಣ್ಣಿಗೇ ಬೀಳುವುದಿಲ್ಲ, ಗ್ರಹಗಳು ಕಾಣುವಂತೆ ಬರೆದರೆ ಹಾಳೆ ಸಾಲುವುದಿಲ್ಲ. ಹಾಗಾಗಿ ನಮ್ಮೆಲ್ಲರ ತಲೆಯಲ್ಲಿ ಉಳಿದಿರುವುದು ಒತ್ತೊತ್ತಾಗಿ ಕೂತ ಬಣ್ಣದ ಚೆಂಡುಗಳ ಸಾಲು. ನಮ್ಮ ಹವ್ಯಾಸಿ ಖಗೋಳ ಬಳಗದಿಂದ ಎಲ್ಲರಿಗೂ ತೆರೆದಿರುವ, ಪ್ರವೇಶ ಶುಲ್ಕವಿಲ್ಲದ ಪ್ರದರ್ಶನ ಮಾಡೋಣ ಎಂಬ ಮಾತು ಬಂದಾಗ ನಾನು ಒಂದೇ ವಿಷಯಕ್ಕೆ ಹಟ ಹಿಡಿದೆ. ಈ ಸಲ ಜನ ಸೌರವ್ಯೂಹವನ್ನು ಓದುವುದು ಬೇಡ, ನಡೆದು ನೋಡಲಿ.

ಅಳತೆ ಆರಿಸುವುದೇ ಅರ್ಧ ಕೆಲಸ. ನಾವು ಸಾವಿರ ಕೋಟಿಗೆ ಒಂದರಂತೆ ಕುಗ್ಗಿಸಿದೆವು. ಇದರ ಅನುಕೂಲವೆಂದರೆ ಲೆಕ್ಕ ಬಾಯಲ್ಲೇ ಆಗುತ್ತದೆ: ನಿಜದ ಒಂದು ಕೋಟಿ ಕಿಲೋಮೀಟರ್ ಎಂದರೆ ಇಲ್ಲಿ ಒಂದು ಮೀಟರ್. ಭೂಮಿ ಸೂರ್ಯನಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದೆ, ಹಾಗಾದರೆ 15 ಮೀಟರ್. ಇಷ್ಟು ಹೇಳಿಕೊಟ್ಟರೆ ಮಕ್ಕಳು ಉಳಿದದ್ದನ್ನು ತಾವೇ ಲೆಕ್ಕ ಹಾಕುತ್ತಾರೆ. ಅಮೆರಿಕದ ವಾಷಿಂಗ್ಟನ್‌ನ ನ್ಯಾಷನಲ್ ಮಾಲ್ ಎಂಬ ಉದ್ಯಾನದಲ್ಲಿ 2001ರಲ್ಲಿ ನಿಲ್ಲಿಸಿದ ‘ವಾಯೇಜ್’ ಮಾದರಿಯೂ ಇದೇ ಅಳತೆಯದು. ಸ್ವೀಡನ್‌ನವರು ಎರಡು ಕೋಟಿಗೆ ಒಂದರ ಅಳತೆ ಹಿಡಿದು, ಸ್ಟಾಕ್‌ಹೋಮ್‌ನ ದುಂಡನೆಯ ಕ್ರೀಡಾಂಗಣವನ್ನೇ ಸೂರ್ಯನೆಂದು ಇಟ್ಟುಕೊಂಡು ಗ್ರಹಗಳನ್ನು ದೇಶದುದ್ದಕ್ಕೂ ಹರಡಿದ್ದಾರೆ. ನಮಗೆ ಬೇಕಿದ್ದದ್ದು ಅಜ್ಜ, ಅಜ್ಜಿ, ಮೊಮ್ಮಗು ಮೂವರೂ ಸಂಜೆಯೊಳಗೆ ನಡೆದು ಮುಗಿಸಬಹುದಾದ ದಾರಿ.

ನಮ್ಮ ಸೂರ್ಯ 14 ಸೆಂಟಿಮೀಟರ್ ಅಡ್ಡಳತೆಯ ಹಳದಿ ಚೆಂಡು. ಬುಧ 6 ಮೀಟರ್ ಆಚೆ, ಅರ್ಧ ಮಿಲಿಮೀಟರ್‌ನ ಚುಕ್ಕೆ. ಶುಕ್ರ 11 ಮೀಟರ್‌ಗೆ. ಭೂಮಿಗೆ ಸಾಸಿವೆ ಕಾಳು ಹುಡುಕಿದೆವು, ಅದರಲ್ಲೂ ಸಣ್ಣದು, ಏಕೆಂದರೆ 1.3 ಮಿಲಿಮೀಟರ್ ಮೀರುವಂತಿಲ್ಲ. ಮಂಗಳ 23 ಮೀಟರ್ ದೂರದಲ್ಲಿ. ಅಲ್ಲಿಗೆ ಹತ್ತಿರದ ನಾಲ್ಕು ಗ್ರಹಗಳು ಮುಗಿದವು, ಇನ್ನು ಬರೀ ನಡಿಗೆ. ಗುರು 78 ಮೀಟರ್‌ಗೆ, 14 ಮಿಲಿಮೀಟರ್‌ನ ಗೋಲಿ. ಶನಿ 143 ಮೀಟರ್‌ಗೆ, ಯುರೇನಸ್ 287ಕ್ಕೆ, ನೆಪ್ಚೂನ್ 450ಕ್ಕೆ. ಇಷ್ಟು ನೇರ ರಸ್ತೆ ಸಿಗದಿದ್ದರೆ ದಾರಿ ಬಾಗಿದರೂ ತೊಂದರೆಯಿಲ್ಲ, ಟೇಪು ಹಿಡಿದು ದಾರಿಯುದ್ದಕ್ಕೂ ಅಳೆಯಬಹುದು. ಜಾಗದ ಅನುಮತಿ ಮಾತ್ರ ಎಲ್ಲಕ್ಕಿಂತ ಮೊದಲು, ಬರಹದಲ್ಲೇ ಪಡೆಯಬೇಕು.

ಸಣ್ಣ ಗ್ರಹಗಳು ಒಂದು ಗಾಳಿಗೆ ಹಾರಿಹೋಗುವಷ್ಟು ಹಗುರ. ಬುಧ, ಮಂಗಳಗಳನ್ನು ದಪ್ಪ ಕಾರ್ಡಿನ ಮೇಲೆ ಚುಕ್ಕೆಯಾಗಿ ಮುದ್ರಿಸಿ ಪಾರದರ್ಶಕ ಹಾಳೆಯಿಂದ ಮುಚ್ಚಿದೆವು. ಭೂಮಿಯನ್ನು ಅಂಟಿಸಿದ ಕಾರ್ಡಿನಲ್ಲೇ 3.8 ಸೆಂಟಿಮೀಟರ್ ಪಕ್ಕಕ್ಕೆ ಚಂದ್ರನಿದ್ದಾನೆ, ಒಂದು ಮಿಲಿಮೀಟರ್‌ನ ಮೂರನೇ ಒಂದರಷ್ಟು. ಮನುಷ್ಯರು ಇದುವರೆಗೆ ಭೂಮಿ ಬಿಟ್ಟು ಹೋಗಿರುವ ಅತಿ ದೂರ ಆ ಕಾರ್ಡಿನ ಒಳಗೇ ಮುಗಿಯುತ್ತದೆ. ಇದನ್ನು ಕೇಳಿದವರು ತಲೆಯೆತ್ತಿ ಗುರು ಎಲ್ಲಿದೆ ಎಂದು ರಸ್ತೆಯ ಕಡೆ ನೋಡುತ್ತಾರೆ. ಆ ನೋಟಕ್ಕಾಗಿಯೇ ನಾನು ಯಾವಾಗಲೂ ಭೂಮಿಯ ಹತ್ತಿರ ನಿಲ್ಲುತ್ತೇನೆ.

ಬೆಳಕಿನ ವೇಗವನ್ನು ತೋರಿಸುವುದು ಇನ್ನೂ ಸೊಗಸು. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಎಂದರೆ ಯಾರ ಮನಸ್ಸಿಗೂ ಏನೂ ಹೊಳೆಯುವುದಿಲ್ಲ. ಈ ಮಾದರಿಯಲ್ಲಿ ಅದು ಸೆಕೆಂಡಿಗೆ 3 ಸೆಂಟಿಮೀಟರ್. ನೆಲದ ಮೇಲೆ ಮೂರು ಮೂರು ಸೆಂಟಿಮೀಟರ್‌ಗೆ ಗೆರೆ ಎಳೆದ ಪಟ್ಟಿ ಅಂಟಿಸಿ, ಸೆಕೆಂಡಿಗೊಂದು ಗೆರೆ ದಾಟುವಂತೆ ಬೆರಳು ಸರಿಸಲು ಹೇಳುತ್ತೇವೆ. ಒಬ್ಬ ಹುಡುಗಿ ಸೂರ್ಯನಿಂದ ಭೂಮಿಯವರೆಗೂ ಹಾಗೇ ಮೊಣಕಾಲೂರಿ ಬೆರಳು ಸರಿಸಿಕೊಂಡು ಬಂದಳು. ಎಂಟು ನಿಮಿಷ ದಾಟಿತು. ಬೆರಳು ಸಾಸಿವೆ ಕಾಳು ಮುಟ್ಟಿದ ಕೂಡಲೇ ಅವಳು ಕೇಳಿದ್ದು, “ಹಾಗಾದರೆ ಈಗ ಕಾಣುತ್ತಿರುವ ಸೂರ್ಯ ಆಗಿನದಾ?” ನಾನು ಹೌದು ಎಂದೆ. ಬೇರೆ ವಿವರಣೆ ಬೇಕಾಗಲಿಲ್ಲ. ಅದೇ ವೇಗದಲ್ಲಿ ನೆಪ್ಚೂನ್ ಮುಟ್ಟಲು ನಾಲ್ಕು ಗಂಟೆ ಹತ್ತು ನಿಮಿಷ ಬೇಕು.

ಪ್ರದರ್ಶನದ ಬಗ್ಗೆ ನನ್ನ ಗಟ್ಟಿ ಅಭಿಪ್ರಾಯ ಇದೇ: ಬಂದವರು ಮೊದಲು ಊಹೆ ಮಾಡಬೇಕು, ಆಮೇಲೆ ನೋಡಬೇಕು, ವಿವರಣೆ ಕೊನೆಗೆ. ದ್ವಾರದ ಬಳಿ ಒಂದು ಬ್ಯಾಸ್ಕೆಟ್‌ಬಾಲ್, ಒಂದು ಟೆನಿಸ್ ಚೆಂಡು ಇಟ್ಟಿರುತ್ತೇವೆ. ದೊಡ್ಡದು ಭೂಮಿಯಾದರೆ ಚಿಕ್ಕದು ಹೆಚ್ಚುಕಡಿಮೆ ಸರಿಯಾದ ಗಾತ್ರದ ಚಂದ್ರ. ಚಂದ್ರನನ್ನು ಎಷ್ಟು ದೂರ ಇಡುತ್ತೀರಿ ಎಂದು ಕೇಳಿ ಸುಮ್ಮನೆ ನಿಲ್ಲುತ್ತೇವೆ. ಬಹುಪಾಲು ಜನ ಒಂದು ಮಾರು ದೂರದಲ್ಲಿ ಇಡುತ್ತಾರೆ. ಆಗ ಭೂಮಿಯ ಮೂವತ್ತು ಅಡ್ಡಳತೆಯಷ್ಟು ಉದ್ದದ ಹಗ್ಗವನ್ನು ಅವರ ಕೈಗೇ ಕೊಡುತ್ತೇವೆ. ಏಳು ಮೀಟರ್ ದಾಟುವ ಹಗ್ಗ ಬಿಚ್ಚುತ್ತಾ ಹೋಗುವಾಗ ಅವರ ಮುಖ ನೋಡಬೇಕು! ಆ ಅಳತೆಯಲ್ಲಿ ಸೂರ್ಯ 26 ಮೀಟರ್ ಅಗಲ, ಇರುವುದು 2.8 ಕಿಲೋಮೀಟರ್ ಆಚೆ ಎಂದು ಆಮೇಲೆ ಹೇಳಿದರೆ ಆ ಮಾತಿಗೆ ತೂಕ ಬರುತ್ತದೆ. ಮೊದಲೇ ಹೇಳಿದರೆ ಅದು ಇನ್ನೊಂದು ಅಂಕಿ, ಅಷ್ಟೇ.

ಇದಕ್ಕಾಗಿ ಸ್ವಯಂಸೇವಕರಿಗೆ ನಾವು ಕೊಡುವ ತರಬೇತಿ ಬಹುತೇಕ ಮಾತು ತಡೆಹಿಡಿಯುವುದರ ತರಬೇತಿ. ಗೊತ್ತಿರುವುದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಡುವ ಆಸೆ ನಮ್ಮಂಥ ಹವ್ಯಾಸಿಗಳಿಗೆ ಬಲವಾಗಿರುತ್ತದೆ. ಪ್ರಶ್ನೆ ಕೇಳಿ ಹತ್ತು ಎಣಿಸುವವರೆಗೂ ಕಾಯಿರಿ ಎನ್ನುತ್ತೇನೆ. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನ ವಸ್ತುಸಂಗ್ರಹಾಲಯವನ್ನು ಆರಂಭಿಸಿದ ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ ಅಲ್ಲಿ ವಿವರಿಸುವ ಕೆಲಸಕ್ಕೆ ಪ್ರೌಢಶಾಲೆಯ ಹುಡುಗ ಹುಡುಗಿಯರನ್ನು ನೇಮಿಸಿಕೊಂಡಿದ್ದರು. ನಮ್ಮಲ್ಲೂ ಆ ವಯಸ್ಸಿನವರೇ ಚೆನ್ನಾಗಿ ಮಾಡುತ್ತಾರೆ. ಹೊಸದಾಗಿ ಕಲಿತವರಿಗೆ ಅರ್ಥವಾಗದಿದ್ದದ್ದು ಯಾವುದು ಎಂಬುದು ಇನ್ನೂ ನೆನಪಿರುತ್ತದೆ.

ಫಲಕಗಳ ವಿಷಯ ಬೇಗ ಮುಗಿಸುತ್ತೇನೆ. ಒಂದು ಫಲಕಕ್ಕೆ ಐವತ್ತು ಪದ ಮೀರದಂತೆ, ಎರಡು ಹೆಜ್ಜೆ ದೂರದಿಂದ ಓದುವಂತೆ ದಪ್ಪ ಅಕ್ಷರ, ಗಾಲಿಕುರ್ಚಿಯಲ್ಲಿ ಬಂದವರ ಕಣ್ಣಿಗೂ ಎಟಕುವ ಎತ್ತರ. ಕಣ್ಣು ಕಾಣದವರಿಗೆಂದು ಮೂರು ಮೀಟರ್ ಉದ್ದದ ದಾರದಲ್ಲಿ ಮಣಿ ಪೋಣಿಸಿದ್ದೇವೆ: ಭೂಮಿ 10 ಸೆಂಟಿಮೀಟರ್‌ಗೆ, ಗುರು 52ಕ್ಕೆ, ಶನಿ 95ಕ್ಕೆ, ಯುರೇನಸ್ ಎರಡು ಮೀಟರ್ ಹತ್ತಿರ, ನೆಪ್ಚೂನ್ ತುದಿಯಲ್ಲಿ. ಮೊದಲ ನಾಲ್ಕು ಮಣಿ ಒಂದು ಗೇಣಿನೊಳಗೇ ಸಿಕ್ಕಿ, ಆಮೇಲೆ ಬೆರಳು ಖಾಲಿ ದಾರದ ಮೇಲೆ ಸಾಗುತ್ತಲೇ ಇರುತ್ತದೆ. ಕಣ್ಣಿರುವವರೂ ಈಗ ಕಣ್ಣು ಮುಚ್ಚಿಕೊಂಡು ಇದನ್ನು ಮುಟ್ಟಿ ನೋಡುತ್ತಾರೆ, ಮಳೆ ಬಂದ ದಿನ ಒಳಾಂಗಣದಲ್ಲಿ ಇದೇ ಮುಖ್ಯ ಪ್ರದರ್ಶನ.

ಕತ್ತಲಾದ ಮೇಲೆ ದೂರದರ್ಶಕ. ದಿನಾಂಕವನ್ನು ಚಂದ್ರನನ್ನು ನೋಡಿಯೇ ಗೊತ್ತುಮಾಡುತ್ತೇವೆ. ಹುಣ್ಣಿಮೆ ಚಂದ್ರ ದೂರದರ್ಶಕದಲ್ಲಿ ಕಣ್ಣು ಕೋರೈಸುತ್ತದೆ, ಕುಳಿಗಳ ನೆರಳೇ ಇರುವುದಿಲ್ಲ. ಶುಕ್ಲಪಕ್ಷದ ಸಪ್ತಮಿ, ಅಷ್ಟಮಿಯ ಹೊತ್ತಿಗೆ ಬೆಳಕು ಕತ್ತಲೆ ಸೇರುವ ಅಂಚಿನಲ್ಲಿ ಕುಳಿಗಳು ಎದ್ದು ಕಾಣುತ್ತವೆ. ಒಬ್ಬರು ಬಂದು, ಬಗ್ಗಿ, ಕಣ್ಣು ಹೊಂದಿಸಿ, ನೋಡಿ ಹೋಗಲು ಒಂದು ನಿಮಿಷವಂತೂ ಬೇಕು. ಅಂದರೆ ಒಂದು ದೂರದರ್ಶಕದಲ್ಲಿ ಗಂಟೆಗೆ ಅರವತ್ತು ಜನ. ಇನ್ನೂರು ಜನ ಬರುವಂತಿದ್ದರೆ ಮೂರಾದರೂ ಬೇಕು, ಮಕ್ಕಳಿಗೆ ಅಲುಗಾಡದ ಮಣೆಯೂ ಬೇಕು. ಹಗಲಿನಲ್ಲಿ ಬಿಸಿಲಿರುವಾಗ ಯಾವ ದೂರದರ್ಶಕವನ್ನೂ ಕಾವಲಿಲ್ಲದೆ ಬಿಡುವುದಿಲ್ಲ. ಫಿಲ್ಟರ್ ಇಲ್ಲದೆ ಅದರಲ್ಲಿ ಸೂರ್ಯನನ್ನು ಕ್ಷಣಮಾತ್ರ ನೋಡಿದರೂ ಕಣ್ಣು ಶಾಶ್ವತವಾಗಿ ಹಾಳಾಗಬಹುದು. ಈ ಒಂದು ನಿಯಮದಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ನೆಪ್ಚೂನ್ ಮುಟ್ಟಿ ಬಂದವರು ತಪ್ಪದೆ ಕೇಳುವುದು ಪ್ಲೂಟೊ ಎಲ್ಲಿ ಎಂದು. 2006ರಲ್ಲಿ ಅದನ್ನು ಕುಬ್ಜ ಗ್ರಹವೆಂದು ವರ್ಗೀಕರಿಸಿದ್ದನ್ನು ಹೇಳಿ, ಸರಾಸರಿ 590 ಮೀಟರ್‌ಗೆ ಬರುತ್ತದೆ ಎಂದು ಕೈ ತೋರಿಸುತ್ತೇವೆ. ಅದರ ಮುಂದಿನ ಪ್ರಶ್ನೆ, ಅಲ್ಲಿಂದಾಚೆ ಏನಿದೆ? 1977ರಲ್ಲಿ ಹೊರಟ ವಾಯೇಜರ್ 1 ಬಾಹ್ಯಾಕಾಶ ನೌಕೆ ಈ ಅಳತೆಯಲ್ಲಿ ಈಗ ಸುಮಾರು ಎರಡೂವರೆ ಕಿಲೋಮೀಟರ್ ಹೋಗಿದೆ. ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಬೇಕೆಂದರೆ ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ಹೋಗಬೇಕು. ಮುಂದಿನ ಪ್ರದರ್ಶನಕ್ಕೆ ಒಂದು ದೊಡ್ಡ ಭೂಪಟ ತಂದು, ಪ್ರದರ್ಶನದ ಜಾಗವನ್ನು ಕೇಂದ್ರವಾಗಿಟ್ಟು ಅಷ್ಟು ದೂರದ ವೃತ್ತ ಎಳೆದು ನೆಪ್ಚೂನ್‌ನ ಪಕ್ಕದಲ್ಲೇ ನಿಲ್ಲಿಸುವ ಯೋಚನೆ ಇದೆ. ವೃತ್ತ ಎಲ್ಲೆಲ್ಲಿ ಹಾದುಹೋಗುತ್ತದೆ ಎಂದು ಬಂದವರೇ ಮೊದಲು ಊಹಿಸಲಿ ಎಂದು ಅದರ ಮೇಲೆ ಪರದೆ ಹಾಕುತ್ತೇವೆ.