ದ್ರಾಕ್ಷಿ ತೋಟದಲ್ಲಿ ಎರಡು ರಾತ್ರಿ: ಮನೆಮಂದಿಯೆಲ್ಲ ವೈನರಿಗೆ ಹೋಗುವುದು ಹೇಗೆ?

ಮಕ್ಕಳು, ಅಜ್ಜ–ಅಜ್ಜಿಯನ್ನು ಕಟ್ಟಿಕೊಂಡು ವೈನರಿಯಲ್ಲಿ ತಂಗಲು ಹೊರಟವರು ಎಡವುವುದು ಎರಡೇ ಕಡೆ. ಒಂದು, ತಿಂಗಳು ಆರಿಸುವಾಗ. ಇನ್ನೊಂದು, ವೈನ್ ರುಚಿ ನೋಡುವ ಹೊತ್ತು ಗೊತ್ತು ಮಾಡುವಾಗ. ಉಳಿದದ್ದೆಲ್ಲ ಯಾವ ರೆಸಾರ್ಟಿಗೆ ಹೋದರೂ ಇರುವಂಥದ್ದೇ, ಅದಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿಲ್ಲ.

ಊರು ನಾಸಿಕ್ ಎಂದಿಟ್ಟುಕೊಳ್ಳಿ. ಗಂಗಾಪುರ ಅಣೆಕಟ್ಟಿನ ಆಸುಪಾಸು ತೋಟದ ನಡುವೆಯೇ ಕೋಣೆ ಕಟ್ಟಿಸಿರುವ ವೈನರಿಗಳಿವೆ. ಮುಂಬೈ, ಪುಣೆಯ ಕನ್ನಡಿಗರಿಗೆ ಇದು ಶುಕ್ರವಾರ ಸಂಜೆ ಹೊರಟು ತಲುಪುವ ದೂರ. ಬೆಂಗಳೂರಿನವರು ನಂದಿ ಬೆಟ್ಟ, ದೊಡ್ಡಬಳ್ಳಾಪುರದ ಕಡೆಯ ವೈನರಿಗೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಅವರಿಗೂ ನಾಲ್ಕನೇ ಹಂತ ಅನ್ವಯಿಸುತ್ತದೆ, ವಾಪಸ್ ಕಾರು ಓಡಿಸುವವರು ಮಾತ್ರ ಕುಡಿಯಬಾರದು.

ಹಂತ 1: ಮೊದಲು ತಿಂಗಳು, ಆಮೇಲೆ ಕೋಣೆ

ವೆಬ್‌ಸೈಟಿನಲ್ಲಿ ಗೊಂಚಲು ಜೋತಾಡುವ ಚಿತ್ರ ನೋಡಿ ದೀಪಾವಳಿ ರಜೆಗೆ ಬುಕ್ ಮಾಡುವವರೇ ಹೆಚ್ಚು. ಹೋಗಿ ನೋಡಿದರೆ ತಂತಿಗೆ ಕಟ್ಟಿದ ಬೋಳು ಕಡ್ಡಿಗಳು! ಕಾರಣ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವುದು. ವಿಜಯಪುರದ ದ್ರಾಕ್ಷಿ ಬೆಳೆಗಾರರಂತೆ ನಾಸಿಕ್‌ನವರೂ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ: ಏಪ್ರಿಲ್ ಹೊತ್ತಿಗೆ ಕಡ್ಡಿ ಬಲಿಯಲೆಂದು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹಣ್ಣು ಬಿಡಲೆಂದು. ಗೊಂಚಲು ಹಣ್ಣಾಗಿ ಕೊಯ್ಲು ನಡೆಯುವುದು ಜನವರಿಯಿಂದ ಮಾರ್ಚ್‌ವರೆಗೆ. ತೊಟ್ಟಿಯಲ್ಲಿ ದ್ರಾಕ್ಷಿ ತುಳಿಯುವ ಆಟವೂ ಆಗಲೇ. ಫೆಬ್ರುವರಿ ಎರಡನೇ ವಾರ ಎಲ್ಲಕ್ಕಿಂತ ಒಳ್ಳೆಯದು. ಮಳೆಗಾಲದಲ್ಲಿ ಗುಡ್ಡವೆಲ್ಲ ಹಸಿರಾಗಿ ಚೆನ್ನಾಗಿಯೇ ಇರುತ್ತದೆ, ಆದರೆ ಬಳ್ಳಿಯಲ್ಲಿ ಬರೀ ಎಲೆ. ಏಪ್ರಿಲ್–ಮೇ ಬೇಡವೇ ಬೇಡ.

ಇನ್ನೊಂದು ಗುಂಡಿಯಿದೆ. ಜನವರಿ 26ರ ಉದ್ದನೆಯ ವಾರಾಂತ್ಯ ಕೊಯ್ಲಿನ ನಡುವೆ ಬರುವುದರಿಂದ ಕೋಣೆಗಳಿಗೆ ಮುಗಿಬೀಳುತ್ತಾರೆ. ಆದರೆ ಗಣರಾಜ್ಯೋತ್ಸವ ಡ್ರೈ ಡೇ. ಮಹಾರಾಷ್ಟ್ರದಲ್ಲಿ ಜನವರಿ 30 ಕೂಡ ಡ್ರೈ ಡೇ. ಅಂದು ವೈನರಿಯಲ್ಲೂ ಒಂದು ಹನಿ ಸುರಿಯುವುದಿಲ್ಲ. ಚುನಾವಣೆ ಇದ್ದರೂ ಇದೇ ಕಥೆ. 2027ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಸಿಂಹಸ್ಥ ಕುಂಭಮೇಳ. ಸ್ನಾನಕ್ಕೆ ಹೋಗುವವರ ಹೊರತು ಬೇರೆಯವರು ಆಗ ಆ ಕಡೆ ಸುಳಿಯದಿರುವುದು ಲೇಸು.

ಹಂತ 2: ಬುಕ್ ಮಾಡುವ ಮುನ್ನ ಫೋನ್ ಮಾಡಿ

ಆ್ಯಪ್‌ನಲ್ಲಿ ಬುಕ್ ಮಾಡಿ ಸುಮ್ಮನಾದರೆ ಅರ್ಧ ವಿಷಯ ಗೊತ್ತೇ ಆಗುವುದಿಲ್ಲ. ಕೇಳಬೇಕಾದದ್ದು ಇಷ್ಟು: ಕೋಣೆ ತೋಟದೊಳಗೇ ಇದೆಯೋ ಅಥವಾ ಬೇರೆ ಕಡೆಯೋ, ಅಲ್ಲಿಂದ ಟೇಸ್ಟಿಂಗ್ ರೂಮಿಗೆ ನಡೆದು ಹೋಗಬಹುದೋ? ಮಕ್ಕಳನ್ನು ಟೂರ್‌ಗೆ, ಟೇಸ್ಟಿಂಗ್ ರೂಮಿಗೆ ಬಿಡುತ್ತಾರೋ, ಎಷ್ಟು ವಯಸ್ಸಿನಿಂದ? ಶನಿವಾರ ರಾತ್ರಿ ಡಿಜೆ, ಮದುವೆ ಏನಾದರೂ ಇದೆಯೋ? ಅಜ್ಜಿಗೆ ಈರುಳ್ಳಿ–ಬೆಳ್ಳುಳ್ಳಿ ಇಲ್ಲದ ಊಟ ಸಿಗುತ್ತದೆಯೋ? ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ರುಚಿ ನೋಡಲು ಎಷ್ಟು ವಯಸ್ಸು ತುಂಬಿರಬೇಕು ಎಂಬುದನ್ನೂ ಕೇಳಿ, ಎಲ್ಲರ ಆಧಾರ್ ಜೊತೆಗಿರಲಿ. ‘ವೈನ್ಯಾರ್ಡ್ ವ್ಯೂ’ ಕೋಣೆಗೆ ಹೆಚ್ಚು ಹಣ ತೆರುವುದಾದರೆ ನೆಲಮಹಡಿಯದ್ದೇ ಕೇಳಿ. ಮಕ್ಕಳು ಬಾಗಿಲು ತೆರೆದು ನೇರ ಹೊರಗೆ ಓಡಬಹುದು, ಮೊದಲ ಮಹಡಿಯ ಬಾಲ್ಕನಿ ಕಾಯುತ್ತ ಕೂರುವ ಕೆಲಸವಿರುವುದಿಲ್ಲ.

ಹಂತ 3: ಹೋಗುವುದು

ಮುಂಬೈಯಿಂದ ಕಸಾರಾ ಘಾಟ್ ಹತ್ತಿದರೆ ಸುಮಾರು 170 ಕಿ.ಮೀ., ಪುಣೆಯಿಂದ 210. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದರೆ ಮನ್ಮಾಡದಲ್ಲಿ ಇಳಿದು ಟ್ಯಾಕ್ಸಿ ಮಾಡಬೇಕು. ಒಂದು ಹಗಲು, ಒಂದು ರಾತ್ರಿ ರೈಲಿನಲ್ಲೇ ಕಳೆಯುವುದರಿಂದ ಎರಡು ದಿನದ ರಜೆಗೆ ಇದು ಒಗ್ಗುವುದಿಲ್ಲ, ನಾಲ್ಕು ದಿನ ಬೇಕು. ಸ್ವೆಟರ್ ಮರೆಯಬೇಡಿ. ಜನವರಿಯ ಬೆಳಗಿನ ಜಾವ ನಾಸಿಕ್ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಈಜುಕೊಳದ ಫೋಟೊ ನೋಡಿ ಕುಣಿಯುವ ಮಕ್ಕಳು ಬೆರಳು ಅದ್ದಿ ವಾಪಸ್ ಬರುತ್ತಾರೆ.

ಹಂತ 4: ರುಚಿ ನೋಡುವುದು

ಶನಿವಾರ ಬೆಳಿಗ್ಗೆ ಹೊರಟು ದಣಿದು, ಮಧ್ಯಾಹ್ನ ಮೂರಕ್ಕೆ ಕೋಣೆ ಸಿಕ್ಕಿ, ಐದಕ್ಕೆ ಹಸಿದ ಹೊಟ್ಟೆಯಲ್ಲಿ ಮಕ್ಕಳನ್ನು ಎಳೆದುಕೊಂಡು ಟೇಸ್ಟಿಂಗ್ ರೂಮಿಗೆ ನುಗ್ಗುವುದು ಎಲ್ಲರೂ ಮಾಡುವ ತಪ್ಪು. ಸೂರ್ಯಾಸ್ತ ನೋಡಲೆಂದೇ ಬರುವ ನಗರದ ಜನಜಂಗುಳಿಯೂ ಅದೇ ಹೊತ್ತಿಗೆ ಬಂದಿರುತ್ತದೆ. ವಿವರಿಸುವವನ ಮಾತು ಕೇಳುವುದಿಲ್ಲ, ಮಕ್ಕಳು ಚಿಪ್ಸ್‌ಗೆ ರಚ್ಚೆ ಹಿಡಿಯುತ್ತಾರೆ, ಆರು ಬಗೆಯ ವೈನ್ ಹತ್ತು ನಿಮಿಷದಲ್ಲಿ ಗುಟುಕರಿಸಿ ಮುಗಿದಿರುತ್ತದೆ.

ಬೆಳಿಗ್ಗೆ 11ರ ಸ್ಲಾಟ್ ಹಿಡಿಯಿರಿ. ನಾಲಿಗೆ ಚುರುಕಾಗಿರುವುದು ಆಗಲೇ. ಅದೂ ಕಾರು ಶೆಡ್ಡಿನಿಂದ ಕದಲದ ದಿನವಾಗಿರಬೇಕು. ಲೆಕ್ಕ ನೋಡಿ: ಒಂದೊಂದು ಸಲ 30 ಮಿ.ಲೀ. ಸುರಿದರೆ ಆರು ಬಗೆಗೆ 180 ಮಿ.ಲೀ. ಶೇ 13ರ ವೈನ್ ಆದರೆ ಅದರಲ್ಲಿ ಸುಮಾರು 18 ಗ್ರಾಂ ಆಲ್ಕೋಹಾಲ್. ದೇಹ ಗಂಟೆಗೆ ಅಂದಾಜು 7–8 ಗ್ರಾಂ ಕರಗಿಸುತ್ತದೆ, ಅಂದರೆ ಎರಡೂವರೆ ಗಂಟೆ ಬೇಕು. ಕಾರು ಓಡಿಸುವವರಿಗೆ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಅರವತ್ತು ಕೆ.ಜಿ. ತೂಕದವರು ಆ ಮಿತಿ ದಾಟಲು ಈ ‘ಬರೀ ರುಚಿ’ ಸಾಕು. ಮೊದಲ ಸಲ ಸಿಕ್ಕಿಬಿದ್ದರೇ ₹10,000 ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ‘ನಾನು ಒಂದು ಗುಟುಕಷ್ಟೇ’ ಎನ್ನುವವರ ಕೈಗೆ ಕೀಲಿ ಕೊಡಬೇಡಿ.

ಗಂಡ–ಹೆಂಡತಿ ಇಬ್ಬರೂ ಒಟ್ಟಿಗೆ ಕೂರುವುದೂ ಬೇಡ. ಒಂದು ಗಂಟೆಯ ಅಂತರದಲ್ಲಿ ಎರಡು ಸ್ಲಾಟ್ ತೆಗೆದುಕೊಳ್ಳಿ. ಒಬ್ಬರು ಒಳಗಿದ್ದಾಗ ಇನ್ನೊಬ್ಬರು ಮಕ್ಕಳ ಜೊತೆ ಹೊರಗಿರಲಿ. ಅಜ್ಜ–ಅಜ್ಜಿ ನೋಡಿಕೊಳ್ಳುತ್ತಾರೆಂದು ಅವರ ಮೇಲೆ ಹೊರಿಸಿದರೆ ಪ್ರವಾಸ ಅವರಿಗೆ ಶಿಕ್ಷೆ.

ಅಂದು ಬೆಳಿಗ್ಗೆ ಇಡ್ಲಿ, ಉಪ್ಪಿಟ್ಟು, ಮೊಸರನ್ನ ಏನಾದರೂ ಗಟ್ಟಿಯಾಗಿ ತಿನ್ನಿ. ಹೊಟ್ಟೆ ತುಂಬಿದ್ದರೆ ಅಮಲು ನಿಧಾನವಾಗಿ ಏರುತ್ತದೆ. ನಾಸಿಕ್‌ನ ಖಾರದ ಮಿಸಳ್ ಮಾತ್ರ ಅಂದು ಬೇಡ, ಭಾನುವಾರಕ್ಕಿರಲಿ. ಖಾರ ತಿಂದ ನಾಲಿಗೆಗೆ ಆಲ್ಕೋಹಾಲ್ ಉರಿಯುತ್ತದೆ, ಕೆಂಪು ವೈನಿನ ಒಗರು ಇಮ್ಮಡಿಯಾಗುತ್ತದೆ. ಕಾಫಿ, ಎಲೆ–ಅಡಿಕೆ, ಪುದೀನ ಪೆಪ್ಪರ್‌ಮಿಂಟ್ ಒಂದು ಗಂಟೆ ಮೊದಲೇ ನಿಲ್ಲಿಸಿ. ಸೆಂಟು ಹಾಕಿಕೊಂಡು ಹೋದರೆ ಪಕ್ಕದವರಿಗೂ ಮೂಗಿಲ್ಲದ ಹಾಗೆ. ಹೊಟ್ಟೆ ಕೆಟ್ಟು ಮೆಟ್ರೋನಿಡಜೋಲ್ ಮಾತ್ರೆ ನುಂಗುತ್ತಿರುವವರು ವೈನ್ ಮುಟ್ಟಬಾರದು, ವಾಂತಿ ಬರಬಹುದು.

ಕ್ರಮ ಹೀಗಿರಲಿ: ಸ್ಪಾರ್ಕ್ಲಿಂಗ್ (ಗುಳ್ಳೆಯೇಳುವ ವೈನ್), ಬಿಳಿ, ರೋಸೆ (ತಿಳಿ ಗುಲಾಬಿ ಬಣ್ಣದ್ದು), ಕೆಂಪು, ಕೊನೆಗೆ ಸಿಹಿ. ಸಿಹಿ ಮೊದಲು ಕುಡಿದರೆ ಉಳಿದದ್ದೆಲ್ಲ ಹುಣಸೆ ನೀರಿನಂತೆ ಹುಳಿಯಾಗುತ್ತದೆ. ಲೋಟವನ್ನು ಕಾಂಡದಲ್ಲಿ ಹಿಡಿಯಿರಿ, ಬಟ್ಟಲನ್ನು ಅಂಗೈಯಲ್ಲಿ ಹಿಡಿದರೆ ಬಿಸಿಯಾಗುತ್ತದೆ. ಮೇಜಿನ ಮೇಲಿಟ್ಟೇ ನಾಲ್ಕು ಸುತ್ತು ತಿರುಗಿಸಿ, ಮೂಗು ಒಳಗಿಟ್ಟು ಮೂಸಿ, ಆಮೇಲೆ ಚಿಕ್ಕ ಗುಟುಕು ತೆಗೆದುಕೊಂಡು ಬಾಯಿ ಪೂರ್ತಿ ಆಡಿಸಿ. ಬಿಳಿ ವೈನ್ ಸಾವಿನ್ಯೋಂ ಬ್ಲಾಂಕ್‌ನಲ್ಲಿ ಆಗಷ್ಟೇ ಹೆಚ್ಚಿದ ದೊಣ್ಣೆ ಮೆಣಸಿನಕಾಯಿ, ಇನ್ನೊಂದು ಬಿಳಿ ವೈನ್ ಶೆನಿನ್ ಬ್ಲಾಂಕ್‌ನಲ್ಲಿ ಸೀಬೆ ಹಣ್ಣು, ಕೆಂಪು ವೈನ್ ಶಿರಾಜ್‌ನಲ್ಲಿ ಕುಟ್ಟಿದ ಕಾಳುಮೆಣಸಿನ ವಾಸನೆ ಹುಡುಕಿ. ಒಸಡು ಬಿಗಿದಂತಾಗುವುದು ಟ್ಯಾನಿನ್, ನೇರಳೆ ಹಣ್ಣಿನ ಒಗರಿನಂಥದ್ದೇ. ಅದು ಕೆಟ್ಟ ವೈನ್ ಅಲ್ಲ. ಒದ್ದೆ ರಟ್ಟಿನ ವಾಸನೆ ಬಂದರೆ ಮಾತ್ರ ಬಿರಡೆ ಕೆಡಿಸಿದೆ ಎಂದರ್ಥ, ಬೇರೆ ಬಾಟಲಿ ತೆಗೆಯಲು ಹೇಳಿ. ಸಂಕೋಚ ಬೇಡ.

ಮೇಜಿನ ಮೇಲಿನ ಬಕೆಟ್ ಉಗುಳುವುದಕ್ಕೇ ಇರುವುದು. ಉಗುಳಿದರೂ ರುಚಿಯಲ್ಲಿ ಏನೂ ಕಡಿಮೆಯಾಗುವುದಿಲ್ಲ. ನಡುನಡುವೆ ನೀರು ಕುಡಿಯಿರಿ. ಕೆಂಪು ವೈನ್ ಬೆಚ್ಚಗಿದ್ದರೆ ಹತ್ತು ನಿಮಿಷ ಐಸ್ ನೀರಿನಲ್ಲಿ ಇಡಲು ಹೇಳಿ. ‘ರೂಮ್ ಟೆಂಪರೇಚರ್’ ಎಂಬ ಮಾತು ಹುಟ್ಟಿದ್ದು ಚಳಿ ದೇಶದಲ್ಲಿ. ಅಲ್ಲಿ ಅದು 16–18 ಡಿಗ್ರಿ, ಇಲ್ಲಿನ ಮಧ್ಯಾಹ್ನದ 30 ಅಲ್ಲ. ಆರು ಬಗೆಯ ಬದಲು ನಾಲ್ಕೇ ಸಾಕು. ನಾಲ್ಕರ ಮೇಲೆ ಹೊಸಬರ ನಾಲಿಗೆಗೆ ಎಲ್ಲ ಒಂದೇ.

ಹಂತ 5: ಮಕ್ಕಳ ಪಾಲು

ಟೂರ್‌ನಲ್ಲಿ ಗೊಂಚಲಿನಿಂದ ತೊಟ್ಟು ಬಿಡಿಸುವ ಯಂತ್ರ, ಆಳೆತ್ತರದ ಸ್ಟೀಲ್ ಟ್ಯಾಂಕ್, 225 ಲೀಟರಿನ ಓಕ್ ಪೀಪಾಯಿ ಮಕ್ಕಳಿಗೂ ಹಿಡಿಸುತ್ತವೆ. ಆದರೆ ಕೊಯ್ಲಿನ ಕಾಲದಲ್ಲಿ ಟ್ಯಾಂಕ್‌ಗಳ ಹತ್ತಿರ ಅವರ ಕೈ ಬಿಡಬೇಡಿ. ರಸ ಹುದುಗುವಾಗ ಬರುವ ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ನೆಲಮಟ್ಟದಲ್ಲಿ, ಗುಂಡಿಗಳಲ್ಲಿ ನಿಲ್ಲುತ್ತದೆ. ಕುಳ್ಳಗಿರುವವರಿಗೇ ಮೊದಲ ಅಪಾಯ. ನೆಲ ಸದಾ ಒದ್ದೆ, ಚಪ್ಪಲಿ ಜಾರುತ್ತದೆ, ಶೂ ಹಾಕಿಸಿ. ತೋಟದಲ್ಲಿ ಹನಿ ನೀರಾವರಿಯ ಪೈಪಿಗೆ ಕಾಲು ಸಿಕ್ಕಿ ಬೀಳುವುದು ಮಾಮೂಲು.

ಬಳ್ಳಿಯಿಂದ ಹಣ್ಣು ಕಿತ್ತು ಬಾಯಿಗೆ ಹಾಕಿಕೊಳ್ಳುವುದನ್ನು ತಡೆಯಿರಿ. ಎಲೆಯ ಮೇಲೆ ನೀಲಿ–ಬಿಳಿ ಚುಕ್ಕೆ ಕಂಡರೆ ಅದು ಮೈಲುತುತ್ತು–ಸುಣ್ಣದ ಬೋರ್ಡೊ ದ್ರಾವಣ. ಕಾಣದ ಔಷಧಿಯೂ ಹೊಡೆದಿರಬಹುದು. ಸಿಬ್ಬಂದಿ ಕಿತ್ತುಕೊಟ್ಟರೆ ತೊಳೆದು ತಿನ್ನಲಿ. ವೈನ್ ದ್ರಾಕ್ಷಿ ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ಹೇಗೂ ಎರಡನೆಯದು ತಿನ್ನುವುದಿಲ್ಲ. ತುಳಿಯುವ ಆಟಕ್ಕೆ ಹಳೇ ಬಟ್ಟೆ ಹಾಕಿ, ಕಪ್ಪು ದ್ರಾಕ್ಷಿಯ ಕಲೆ ಬಿಡುವುದಿಲ್ಲ.

ಹಂತ 6: ಭಾನುವಾರ

ತ್ರ್ಯಂಬಕೇಶ್ವರಕ್ಕೆ ಹೋಗುವುದಾದರೆ ಬೆಳಗಿನ ಜಾವವೇ ಹೊರಡಿ, ತಡವಾದರೆ ಸರದಿಯಲ್ಲಿ ಅಜ್ಜಿಯ ಮಂಡಿ ಉಳಿಯುವುದಿಲ್ಲ. ದಾರಿಯಲ್ಲಿ ಅಂಜನೇರಿ ಬೆಟ್ಟ ಕಾಣುತ್ತದೆ. ಹನುಮಂತ ಹುಟ್ಟಿದ್ದು ಅಲ್ಲೇ ಎನ್ನುತ್ತಾರೆ. ಆನೆಗೊಂದಿಯ ಅಂಜನಾದ್ರಿಯ ಮಾತನ್ನು ಅಲ್ಲಿ ತೆಗೆಯದಿದ್ದರೆ ದರ್ಶನ ಬೇಗ ಮುಗಿಯುತ್ತದೆ.

ಹಂತ 7: ಬಾಟಲಿ ಮನೆಗೆ ತರುವುದು

ಕೊಳ್ಳುವುದು ಹೊರಡುವ ಗಳಿಗೆಯಲ್ಲಿ, ಮೊದಲ ದಿನವಲ್ಲ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ವೈನ್ ಒಂದೇ ಮಧ್ಯಾಹ್ನಕ್ಕೆ ಬೆಂದ ಹಣ್ಣಿನ ರುಚಿಗೆ ತಿರುಗುತ್ತದೆ, ಬಿರಡೆ ಮೇಲೆದ್ದು ಸೋರುತ್ತದೆ. ಎಸಿ ಬೀಸುವ ಕಡೆ, ಹಿಂದಿನ ಸೀಟಿನ ಕಾಲಡಿ ಇಡಿ. ವಿಮಾನದಲ್ಲಾದರೆ ಚೆಕ್–ಇನ್ ಸೂಟ್‌ಕೇಸಿನ ನಟ್ಟನಡುವೆ, ಒಂದೊಂದು ಬಾಟಲಿಗೆ ಒಂದೊಂದು ಜೀನ್ಸ್ ಸುತ್ತಿ. ಅಂಗಡಿಯಲ್ಲಿ ಮಾರುವ ತೆಳು ಫೋಮ್ ಚೀಲ ಯಾತಕ್ಕೂ ಸಾಲದು. ಬ್ಯಾಟರಿ ಓಪನರ್, ಮರದ ಪೆಟ್ಟಿಗೆಯ ಗಿಫ್ಟ್ ಸೆಟ್ ಕೂಡ ದಂಡ. ಹೋಟೆಲ್ ಮಾಣಿಗಳ ಜೇಬಿನಲ್ಲಿರುವ, ಎರಡು ಮೆಟ್ಟಿಲಿನ ಮಡಚುವ ಬಿರಡೆಗೀಳು ಒಂದಿದ್ದರೆ ಜೀವಮಾನಕ್ಕಾಯಿತು.

ಬಿರಡೆಯ ಬಾಟಲಿ ಮಲಗಿರಲಿ, ತಿರುಪು ಮುಚ್ಚಳದ್ದು ನಿಂತೇ ಇರಬಹುದು. ಬಿಳಿ ಮತ್ತು ರೋಸೆಯನ್ನು ‘ಹಳೆಯದಾದಷ್ಟೂ ಒಳ್ಳೆಯದು’ ಎಂದು ಬೀರುವಿನಲ್ಲಿ ಕೂಡಿಡಬೇಡಿ, ಯುಗಾದಿಯೊಳಗೆ ತೆರೆಯಿರಿ. ತೆರೆದ ಮೇಲೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ. ಆಮೇಲೂ ಉಳಿದರೆ ಅಡುಗೆಗೆ.