ಸದ್ಯ, ಏನೂ ಆಗ್ಲಿಲ್ಲ

ಬಾಟಲಿ ಸಿಡಿದದ್ದು ರಾತ್ರಿ ಎಂಟೂ ಮುಕ್ಕಾಲಿಗೆ. ಲ್ಯಾಬಿನಲ್ಲಿ ಆಗ ಯಾರೂ ಇರಲಿಲ್ಲ. ಸೆಕ್ಯೂರಿಟಿಯವರು ಸದ್ದು ಕೇಳಿ ಓಡಿ ಬಂದರು. ಬಾಗಿಲಿನ ಗಾಜಿನಲ್ಲಿ ಕಂದು ಹೊಗೆ ಕಂಡಿತು. ಒಳಗೆ ಹೋಗದೆ ನನಗೆ ಫೋನ್ ಮಾಡಿದರು. ಒಳಗೆ ಹೋಗದೇ ಇದ್ದದ್ದು ಅವರ ಸ್ವಂತ ಬುದ್ಧಿ, ನಾವು ಹೇಳಿಕೊಟ್ಟದ್ದಲ್ಲ.

ಬೆಳಿಗ್ಗೆ ಹೋಗಿ ನೋಡಿದೆ. 2.5 ಲೀಟರಿನ ಕಂದು ಬಾಟಲಿಯ ಚೂರುಗಳು ಎದುರು ಗೋಡೆಯ ನೋಟಿಸ್ ಬೋರ್ಡಿಗೆ ಚುಚ್ಚಿಕೊಂಡು ನಿಂತಿದ್ದವು. ಒಂದು ಚೂರು ಸರಿಯಾಗಿ ನನ್ನ ಕಣ್ಣಿನ ಎತ್ತರಕ್ಕಿತ್ತು. ಎಲ್ಲರ ಬಾಯಲ್ಲೂ ಒಂದೇ ಮಾತು: "ಸದ್ಯ, ಏನೂ ಆಗ್ಲಿಲ್ಲ."

ನಾನು ಜಿಗಣಿ ಕಡೆಯ ಒಂದು ಲ್ಯಾಬಿನಲ್ಲಿ ಸಿಂಥೆಸಿಸ್ ಕೆಮಿಸ್ಟ್. ಹದಿನೈದು ವರ್ಷ ಬೆಂಚಿನ ಮುಂದೆ ನಿಂತು ಕೆಲಸ ಮಾಡಿದವಳು. ಸೇಫ್ಟಿ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟಾಗ "ಸ್ವಲ್ಪ ದಿನ ನೀವೇ ನೋಡ್ಕೊಳ್ಳಿ ಮೇಡಂ" ಅಂದರು. ಆ ಸ್ವಲ್ಪ ದಿನಕ್ಕೆ ಈಗ ಆರು ವರ್ಷ. ಬಾಟಲಿ ಸಿಡಿದದ್ದು ಮೊದಲನೇ ವರ್ಷದಲ್ಲೇ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಪಲೇಡಿಯಂ ಲೋಹದ ಕಲೆ ಹೋಗಲಿ ಅಂತ ಫನಲ್‌ಗಳನ್ನು ನೈಟ್ರಿಕ್ ಆಸಿಡ್‌ನಲ್ಲಿ ತೊಳೆದಿದ್ದರು. ತೊಳೆದ ಆಸಿಡ್, ಅಸಿಟೋನ್ ಮತ್ತು ಮೆಥನಾಲ್ ಅನ್ನುವ ಉರಿಯುವ ದ್ರಾವಕಗಳು (ಸಾಲ್ವೆಂಟ್) ಇದ್ದ ವೇಸ್ಟ್ ಬಾಟಲಿಗೆ ಹೋಗಿತ್ತು. ಮುಚ್ಚಳ ಬಿಗಿಯಾಗಿತ್ತು. ಇವು ಸೇರಿದ ಕೂಡಲೇ ಎಷ್ಟೋ ಸಲ ಏನೂ ಆದಂತೆ ಕಾಣುವುದಿಲ್ಲ, ಅದೇ ಮೋಸ. ಒಳಗೊಳಗೇ ಬಿಸಿಯಾಗುತ್ತಾ, ಗ್ಯಾಸ್ ಕಟ್ಟುತ್ತಾ ಹೋಗುತ್ತದೆ. ಅದು ಸಿಡಿಯುವ ಹೊತ್ತಿಗೆ ಹಾಕಿದವರು ಮನೆಯಲ್ಲಿ ಊಟಕ್ಕೆ ಕೂತಿರುತ್ತಾರೆ.

ಹಾಕಿದವರು ಗ್ಲಾಸ್‌ವೇರ್ ತೊಳೆಯುವ ಅಕ್ಕ. ಅವರಿಗೆ ಟ್ರೈನಿಂಗ್ ಆಗಿದೆಯಾ ಅಂತ ರಿಜಿಸ್ಟರ್ ತೆಗೆದೆ. ಆಗಿತ್ತು. ಎರಡು ತಿಂಗಳ ಹಿಂದಷ್ಟೇ. ವಿಷಯ: ವೇಸ್ಟ್ ಬೇರ್ಪಡಿಸುವುದು. ಅವರ ಹೆಸರಿನ ಮುಂದೆ ದುಂಡಗಿನ ಕನ್ನಡದಲ್ಲಿ ಸಹಿ. ಕೆಳಗೆ, ತರಬೇತಿ ಕೊಟ್ಟವರ ಜಾಗದಲ್ಲಿ, ನನ್ನ ಸಹಿ.

ಆ ಟ್ರೈನಿಂಗ್ ನನಗೆ ಚೆನ್ನಾಗಿ ನೆನಪಿತ್ತು. ಊಟ ಆದ ಮೇಲೆ, ಎಸಿ ರೂಮಿನಲ್ಲಿ, 64 ಸ್ಲೈಡು, ಎಲ್ಲಾ ಇಂಗ್ಲಿಷು. ನಾನು ಓದುತ್ತಾ ಹೋದೆ, ಅವರು ತೂಕಡಿಸುತ್ತಾ ಹೋದರು. ಕೊನೆಗೆ "ಏನಾದ್ರೂ ಡೌಟ್ ಇದೆಯಾ?" ಅಂದೆ. ಯಾರಿಗೂ ಇರಲಿಲ್ಲ. ಟೀ ಬಂತು.

ಅಕ್ಕನ ಹತ್ತಿರ ಹೋಗಿ ಕೇಳಿದೆ. ಹೆದರಿದ್ದರು, ಕೆಲಸ ಹೋಗುತ್ತದೆ ಅಂತ. "ಮೇಡಂ, ಹಳದಿ ಚೀಟಿ ಬಾಟಲಿಗೆ ಹಾಕು ಅಂದಿದ್ರು. ಎರಡೂ ಹಳದೀನೇ ಇತ್ತು" ಅಂದರು. ಸಿಂಕಿನ ಪಕ್ಕ ಹೋಗಿ ನೋಡಿದರೆ ನಿಜ. ಆಸಿಡ್ ವೇಸ್ಟಿಗೂ ಸಾಲ್ವೆಂಟ್ ವೇಸ್ಟಿಗೂ ಒಂದೇ ಹಳದಿ ಲೇಬಲ್, ಮೇಲಿನ ಇಂಗ್ಲಿಷ್ ಅಕ್ಷರ ಮಾತ್ರ ಬೇರೆ. ಆ ಲೇಬಲ್‌ಗಳನ್ನು ಪ್ರಿಂಟ್ ಮಾಡಿಸಿದ್ದೂ ನಾನೇ.

ಅವತ್ತೇ ಅಪಾಯದ ಚಿತ್ರಗಳ ಹಾಳೆ ಹಿಡಿದು ಅವರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಕೆಂಪು ಚೌಕಟ್ಟಿನ ಒಂಬತ್ತು ಚಿತ್ರ, ಪ್ರಪಂಚದಲ್ಲೆಲ್ಲಾ ಕೆಮಿಕಲ್ ಬಾಟಲಿಗಳ ಮೇಲೆ ಇರುವಂಥವು. ಇವು ಎಲ್ಲರಿಗೂ ಅರ್ಥವಾಗುತ್ತವೆ ಅಂತಲೇ ನಾನು ನಂಬಿದ್ದೆ. "ಇದೇನು ಹೇಳಿ" ಅಂದೆ. ಸತ್ತ ಮೀನು, ಒಣಗಿದ ಮರ ನೋಡಿ, "ಕೆರೆಗೆ ಬಿಡಬಾರ್ದು, ಬೆಳ್ಳಂದೂರು ಆಗುತ್ತೆ" ಅಂದರು. ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಎದೆಯ ಮೇಲೆ ನಕ್ಷತ್ರ ಇರುವ ಮನುಷ್ಯನನ್ನು ನೋಡಿ "ಪೊಲೀಸಾ?" ಅಂದರು. ಕ್ಯಾನ್ಸರ್, ಶ್ವಾಸಕೋಶದ ತೊಂದರೆಯಂತಹ ನಿಧಾನದ ಅಪಾಯಕ್ಕೆ ಇರುವ ಚಿತ್ರ ಅದು! ಬೆಂಕಿಯ ಚಿತ್ರ, ಚೆಂಡಿನ ಮೇಲೆ ಬೆಂಕಿಯ ಚಿತ್ರ, ಎರಡೂ ಅವರಿಗೆ ಒಂದೇ: "ಬೆಂಕಿ." ಒಂದು ತಾನು ಉರಿಯುವಂಥದ್ದು. ಇನ್ನೊಂದು ಬೇರೆಯದನ್ನು ಉರಿಸುವಂಥದ್ದು, ನೈಟ್ರಿಕ್ ಆಸಿಡ್ ತರಹದ್ದು, ಆಕ್ಸಿಡೈಸರ್ ಅನ್ನುತ್ತಾರೆ. ಇವೆರಡು ಒಂದೆಡೆ ಸೇರಬಾರದು ಅನ್ನುವುದೇ ಮುಖ್ಯ ವಿಷಯ, ಚಿತ್ರ ನೋಡಿದರೆ ಅಣ್ಣ ತಮ್ಮಂದಿರ ಹಾಗಿವೆ.

ಕೊನೆಗೆ ಅಕ್ಕನೇ ದಾರಿ ತೋರಿಸಿದರು. "ಒಂದು ಸೀಮೆಎಣ್ಣೆ, ಇನ್ನೊಂದು ಊದುಗೊಳವೆ ಅನ್ನಿ ಮೇಡಂ." ಈಗಲೂ ನಮ್ಮಲ್ಲಿ ಆಕ್ಸಿಡೈಸರ್ ಬೀರುವಿನ ಮೇಲೆ ಕನ್ನಡದಲ್ಲಿ 'ಊದುಗೊಳವೆ' ಅಂತಲೇ ಬರೆದಿದೆ. ಹೈದರಾಬಾದಿನಿಂದ ಬಂದ ಪಿಎಚ್‌ಡಿ ಹುಡುಗರೂ ಹಾಗೇ ಹೇಳುತ್ತಾರೆ. ಆಸಿಡ್ ವೇಸ್ಟ್ ಲೇಬಲ್ ಕೆಂಪಾಯಿತು, ಬಾಟಲಿಗಳು ರೂಮಿನ ಎರಡು ತುದಿಗೆ ಹೋದವು, ಗ್ಯಾಸ್ ಹೊರಗೆ ಬಿಡುವ ಮುಚ್ಚಳ ತರಿಸಿದೆವು. ಹೇಳುವುದಕ್ಕೆ ಒಂದು ಸಾಲು. ಪರ್ಚೇಸ್‌ನವರಿಂದ ಮುಚ್ಚಳ ಬರುವುದಕ್ಕೆ ಮೂರು ತಿಂಗಳು.

ಆಮೇಲೆ ಸ್ಲೈಡುಗಳನ್ನು ಬಿಟ್ಟೆ. ಪೂರ್ತಿ ಬಿಡಲಿಲ್ಲ, ಆಡಿಟ್‌ಗೆ ಬೇಕು. ನಿಜವಾದ ಟ್ರೈನಿಂಗ್ ಮಾತ್ರ ಲ್ಯಾಬಿನೊಳಗೇ, ಕನ್ನಡ, ತೆಲುಗು, ಹಿಂದಿ ಕಲಸಿ, ಒಂದು ಸಲಕ್ಕೆ ಎಂಟು ಜನ. ಕೆಮಿಕಲ್ ಜೊತೆ ಬರುವ ಸೇಫ್ಟಿ ಡೇಟಾ ಶೀಟಿನಲ್ಲಿ 16 ಭಾಗ ಇರುತ್ತದೆ. ಎಲ್ಲಾ ಓದಿ ಅಂದರೆ ಯಾರೂ ಒಂದನ್ನೂ ಓದುವುದಿಲ್ಲ. ಬಾಟಲಿ ತೆರೆಯುವ ಮುಂಚೆ 2, 4, 8, 10 ನೋಡಿ ಅಂದೆ. ಅಪಾಯ ಏನು, ಮೈಮೇಲೆ ಬಿದ್ದರೆ ಏನು ಮಾಡಬೇಕು, ಏನು ಹಾಕಿಕೊಳ್ಳಬೇಕು, ಯಾವುದರ ಜೊತೆ ಸೇರಬಾರದು. ಈ ನಾಲ್ಕು ನಂಬರನ್ನು ಈಗ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ.

ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಒಂದು ಹಳದಿ ಹೈಲೈಟರ್ ಪೆನ್ನು.

ಪೆನ್ನಿನ ಒಳಗಿನ ಬತ್ತಿ ತೆಗೆದು ಒಂದು ಬೀಕರ್ ನೀರಿನಲ್ಲಿ ಹಿಂಡಿದೆ. "ಇದು ವಿಷ ಅಂದ್ಕೊಳ್ಳಿ. ಗ್ಲೌಸ್ ಹಾಕ್ಕೊಂಡು ಹತ್ತು ಟ್ಯೂಬಿಗೆ ಐದೈದು ಎಂಎಲ್ ಹಾಕಿ, ನೋಟ್‌ಬುಕ್ ಬರೀರಿ, ಟೀಗೆ ಹೋಗಿ" ಅಂದೆ. ಅವರು ನಕ್ಕು ಮಾಡಿದರು. ವಾಪಸ್ ಬಂದ ಮೇಲೆ ಪರದೆ ಎಳೆದು, ದೀಪ ಆರಿಸಿ, ಲ್ಯಾಬಿನಲ್ಲಿ ಟೆಸ್ಟ್ ಪ್ಲೇಟ್ ನೋಡುವ ಯುವಿ (ಅಲ್ಟ್ರಾವಯಲೆಟ್) ದೀಪ ಹಚ್ಚಿದೆ. 365 ನ್ಯಾನೋಮೀಟರ್ ತರಂಗದ್ದು. 254ರದ್ದು ಕಣ್ಣು, ಚರ್ಮ ಎರಡಕ್ಕೂ ಕೆಟ್ಟದ್ದು, ಜನರ ಮೇಲೆ ಬಿಡಬಾರದು.

ಮೊದಲ ಸಲ ನಗೆಪಾಟಲಾಯಿತು. ಎಲ್ಲರ ಏಪ್ರನ್ನೂ ನೀಲಿಯಾಗಿ ಥಳಥಳ ಹೊಳೆಯಿತು! ಬಟ್ಟೆ ಸೋಪಿನ ಪುಡಿಯಲ್ಲಿ ಬಿಳುಪು ಬರಲಿ ಅಂತ ಹಾಕುವ ವಸ್ತು ಯುವಿಯಲ್ಲಿ ಹೊಳೆಯುತ್ತದೆ ಅನ್ನುವುದನ್ನೇ ನಾನು ಮರೆತಿದ್ದೆ. ಕೆಮಿಸ್ಟ್ ನಾನು. ಆದರೆ ಹೈಲೈಟರಿನದು ಹಸಿರು ಮಿಶ್ರಿತ ಹಳದಿ. ನೀಲಿಯ ನಡುವೆ ಅದು ಬೇರೆಯಾಗಿ ಕಾಣತೊಡಗಿತು. ಪೆನ್ನಿನ ಮೇಲೆ. ಬಾಗಿಲ ಹಿಡಿಯ ಮೇಲೆ. ಎರಡು ಮೊಬೈಲಿನ ಮೇಲೆ. ಒಬ್ಬರ ಕನ್ನಡಕದ ನಡುವೆ, ಮೂಗಿನ ಮೇಲೆ ಸರಿಮಾಡಿಕೊಳ್ಳುವ ಜಾಗದಲ್ಲಿ. "ನನಗೇನೂ ಹತ್ತಿರಲ್ಲ ಬಿಡಿ" ಅಂದಿದ್ದ ಸೀನಿಯರ್ ಸರ್ ಕಿವಿಯ ತುದಿಯಲ್ಲಿ ಒಂದು ಚುಕ್ಕೆ, ಓಲೆ ಹಾಕಿದ ಹಾಗೆ. ಅಲ್ಲಿವರೆಗೂ ನಗುತ್ತಿದ್ದವರು ಒಂದು ಹುಡುಗಿ ಮಾತಾಡಿದ ಮೇಲೆ ಸುಮ್ಮನಾದರು. ಅವಳ ತಾಳಿ ಸರದ ಮೇಲೆ ಹಳದಿ ಬೆರಳಚ್ಚು ಇತ್ತು. "ಮಗು ಇದನ್ನೇ ಬಾಯಿಗೆ ಹಾಕ್ಕೊಳ್ಳುತ್ತೆ ಮೇಡಂ" ಅಂದಳು.

ಆಮೇಲೆ ಗ್ಲೌಸ್ ವಿಷಯ. ತೆಳು ನೈಟ್ರೈಲ್ ಗ್ಲೌಸಿನ ಬೆರಳಿಗೆ ಹುಡ್ (ಹೊಗೆ ಎಳೆದುಕೊಳ್ಳುವ ಗಾಜಿನ ಗೂಡು) ಒಳಗೆ ಡೈಕ್ಲೋರೋಮೀಥೇನ್ ಅನ್ನುವ ಸಾಲ್ವೆಂಟ್ ಹಾಕಿ ನೇತುಹಾಕಿದರೆ, ನೋಡನೋಡುತ್ತಲೇ ಉಬ್ಬಿ ಜಿನುಗುತ್ತದೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕರೆನ್ ವೆಟರ್‌ಹಾನ್ ಅವರ ಕಥೆ ಹೇಳುವುದು ಆಗಲೇ. 1996ರಲ್ಲಿ ಡೈಮೀಥೈಲ್ ಮರ್ಕ್ಯುರಿ ಅನ್ನುವ ಪಾದರಸದ ವಿಷದ ಹನಿಗಳು ಅವರ ಲ್ಯಾಟೆಕ್ಸ್ ಗ್ಲೌಸ್ ಮೇಲೆ ಬಿದ್ದವು. ಗ್ಲೌಸ್ ತೂರಿ ಚರ್ಮಕ್ಕೆ ಹೋಯಿತು. ತಿಂಗಳುಗಳ ನಂತರ ತೊಂದರೆ ಕಾಣಿಸಿತು, 1997ರ ಜೂನ್‌ನಲ್ಲಿ ತೀರಿಕೊಂಡರು. ವಿಷಲೋಹಗಳನ್ನೇ ಓದಿದ್ದ ಪ್ರೊಫೆಸರ್ ಅವರು. ಅಂದಿನ ರೂಢಿಯಂತೆ ಹುಡ್ಡಿನಲ್ಲೇ, ಗ್ಲೌಸ್ ಹಾಕಿಕೊಂಡೇ ಕೆಲಸ ಮಾಡಿದ್ದರು. ಜೋಲಾಡುತ್ತಾ ತೊಟ್ಟಿಕ್ಕುವ ಗ್ಲೌಸ್ ಮುಂದೆ ನಿಂತು ಕೇಳಿದಾಗ ಈ ಕಥೆ ಬೇರೆಯಾಗಿಯೇ ಕೇಳಿಸುತ್ತದೆ.

ಇನ್ನು ಮೀಟಿಂಗು. ಭೋಪಾಲ್ ದುರಂತ ಆದ ಮೇಲೆ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ಅಪಾಯದ ಪ್ರಕ್ರಿಯೆ ನಡೆಯುವ ಕಾರ್ಖಾನೆಗಳಲ್ಲಿ ಆಡಳಿತದವರೂ ಕಾರ್ಮಿಕರೂ ಸಮಸಂಖ್ಯೆಯಲ್ಲಿ ಕೂರುವ ಸುರಕ್ಷತಾ ಸಮಿತಿ ಇರಬೇಕು ಅಂತ. ನಮ್ಮಲ್ಲೂ ಸಮಿತಿ ಇತ್ತು. ಮೂರು ತಿಂಗಳಿಗೊಮ್ಮೆ ಬಿಸ್ಕತ್ತು, ಕಳೆದ ಸಲದ ನಡಾವಳಿ, ಎಲ್ಲದರ ಮುಂದೆ 'ಮುಗಿದಿದೆ'. ಮಾರ್ಚ್ 4ಕ್ಕೆ ರಾಷ್ಟ್ರೀಯ ಸುರಕ್ಷತಾ ದಿನ, ಬ್ಯಾಡ್ಜು, ಪ್ರತಿಜ್ಞೆ, ಪ್ರಬಂಧ ಸ್ಪರ್ಧೆ. ಪ್ರಬಂಧದಲ್ಲಿ ಪ್ರತಿ ವರ್ಷ ಬಹುಮಾನ ತೆಗೆದುಕೊಳ್ಳುತ್ತಿದ್ದವರು ಸೇಫ್ಟಿ ಕನ್ನಡಕ ಹಾಕದೆ ಕೆಲಸ ಮಾಡುವುದರಲ್ಲೂ ಎತ್ತಿದ ಕೈ.

ಸಮಿತಿಯನ್ನು ಮುಟ್ಟಲಿಲ್ಲ. ಸೋಮವಾರ ಬೆಳಿಗ್ಗೆ 9:15ಕ್ಕೆ ಹತ್ತೇ ನಿಮಿಷದ ಇನ್ನೊಂದು ಮೀಟಿಂಗ್ ಶುರು ಮಾಡಿದೆ. ಕುರ್ಚಿ ಇಲ್ಲ. ಕಣ್ಣು ತೊಳೆಯುವ ಐ ವಾಷ್ ಪಕ್ಕದಲ್ಲೇ ನಿಲ್ಲಬೇಕು. ಅಲ್ಲೇ ಯಾಕೆ ಅಂದರೆ, ಅದನ್ನು ವಾರಕ್ಕೊಮ್ಮೆ ಓಡಿಸಿ ನೋಡಬೇಕು ಅನ್ನುವುದು ನಿಯಮ, ಚೆಕ್‌ಲಿಸ್ಟಿನಲ್ಲಿ ವರ್ಷವಿಡೀ ಟಿಕ್ ಕೂಡ ಬಿದ್ದಿತ್ತು. ಮೊದಲ ಸೋಮವಾರ ಒತ್ತಿದರೆ ತುಕ್ಕಿನ ನೀರು, ಟೀ ಬಣ್ಣದ್ದು. ಯಾರೂ ಮಾತಾಡಲಿಲ್ಲ. ಕಣ್ಣಿಗೆ ಕೆಮಿಕಲ್ ಬಿದ್ದರೆ 15 ನಿಮಿಷ ತೊಳೆಯಬೇಕು ಅಂತ ಎಲ್ಲರಿಗೂ ಬಾಯಿಪಾಠ. ನೀರು ತಿಳಿಯಾದ ಮೇಲೆ "ಒಂದೇ ನಿಮಿಷ ಕಣ್ಣು ಬಿಟ್ಕೊಂಡು ನಿಂತು ನೋಡಿ" ಅಂದೆ. ಗಟ್ಟಿಗ ಹುಡುಗ ಒಬ್ಬ ಮುಂದೆ ಬಂದ. 20 ಸೆಕೆಂಡಿಗೆ ತಲೆ ಎತ್ತಿದ. ಒಬ್ಬರೇ ನಿಲ್ಲುವುದಕ್ಕಾಗುವುದಿಲ್ಲ, ಇನ್ನೊಬ್ಬರು ತಲೆ ಹಿಡಿದು ರೆಪ್ಪೆ ಬಿಡಿಸಬೇಕು ಅಂತ ಗೊತ್ತಾದದ್ದು ಹಾಗೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರಬಾರದು ಅನ್ನುವ ನಿಯಮಕ್ಕೆ ಆಮೇಲೆ ಯಾರೂ ಗೊಣಗಲಿಲ್ಲ.

ಅದೇ ಮೀಟಿಂಗಿಗೆ ಒಂದು ನೂರು ಪುಟದ ನೋಟ್‌ಬುಕ್ ತಂದೆ. ರಟ್ಟಿನ ಮೇಲೆ ದೊಡ್ಡದಾಗಿ 'ಸದ್ಯ ಬುಕ್' ಅಂತ ಬರೆದೆ. ಯಾವಾಗ "ಸದ್ಯ, ಏನೂ ಆಗ್ಲಿಲ್ಲ" ಅನ್ನಿಸುತ್ತದೋ ಆಗ ಎರಡು ಸಾಲು ಬರೆಯಬೇಕು. ಯಾವ ಭಾಷೆಯಾದರೂ ಸರಿ, ಹೆಸರು ಬೇಡ.

ಆರು ವಾರ ಒಂದಕ್ಷರ ಬೀಳಲಿಲ್ಲ.

ಅದಕ್ಕೂ ಕಾರಣ ನಾನೇ. ಗೇಟಿನ ಹತ್ತಿರ 'ಅಪಘಾತವಿಲ್ಲದ ದಿನಗಳು' ಅಂತ ಒಂದು ಬೋರ್ಡ್ ಹಾಕಿಸಿದ್ದೆ. ನೂರು ದಿನ ಆದರೆ ಎಲ್ಲರಿಗೂ ಮೈಸೂರು ಪಾಕ್. 93ನೇ ದಿನ ಒಬ್ಬ ಹುಡುಗ ಮುಂಗೈಗೆ ಕರ್ಚೀಫು ಕಟ್ಟಿಕೊಂಡು ಓಡಾಡುತ್ತಿದ್ದ. ಬಿಚ್ಚಿಸಿ ನೋಡಿದರೆ ಆಸಿಡ್ ಸುಟ್ಟ ಗಾಯ, ಅದರ ಮೇಲೆ ಟೂತ್‌ಪೇಸ್ಟ್. ಹಿಂದಿನ ದಿನ ಆದದ್ದು. "ಎಲ್ಲರ ಸ್ವೀಟ್ ಹೋಗುತ್ತಲ್ಲ ಮೇಡಂ" ಅಂದ. ಅವತ್ತು ಸಂಜೆಯೇ ಬೋರ್ಡ್ ಇಳಿಸಿದೆ.

ಮುಂದಿನ ಸೋಮವಾರ ಬುಕ್ಕಿನಲ್ಲಿ ಮೊದಲ ಎಂಟ್ರಿ ನಾನೇ ಬರೆದು, ಎಲ್ಲರ ಮುಂದೆ ಓದಿದೆ. ಕೆಲವು ವರ್ಷದ ಹಿಂದಿನದು. ಉಳಿದ ಸೋಡಿಯಂ ಚೂರುಗಳನ್ನು ಐಸೋಪ್ರೊಪನಾಲ್ ಹಾಕಿ ಕೊಲ್ಲುತ್ತಿದ್ದೆ, ಅಂದರೆ ಅವುಗಳ ಚುರುಕು ಅಡಗಿಸುತ್ತಿದ್ದೆ. ನಾವು ಕ್ವೆಂಚ್ ಅನ್ನುವುದು ಇದನ್ನೇ. ಗುಳ್ಳೆ ನಿಂತಿತು. 5:40ಕ್ಕೆ ಕಂಪನಿ ಬಸ್ಸು. ಎಲ್ಲಾ ಮುಗಿಯಿತು ಅಂದುಕೊಂಡು ನೀರು ಸುರಿದೆ. ಒಂದು ಚೂರಿನ ಮೇಲೆ ಬಿಳಿ ಪೊರೆ ಕಟ್ಟಿತ್ತು, ಒಳಗೆ ಇನ್ನೂ ಲೋಹ ಹಾಗೇ ಇತ್ತು. ಭಗ್ ಅಂತ ಉರಿ ಎದ್ದಿತು. ಹುಡ್ಡಿನ ಗಾಜು ಅರ್ಧ ಇಳಿಸಿದ್ದೆ, ಮುಖ ಉಳಿಯಿತು. ಯಾರಿಗೂ ಹೇಳದೆ, ಒರೆಸಿ, ಬಸ್ಸು ಹಿಡಿದೆ. ಸೇಫ್ಟಿ ಮೇಡಂ ಹೀಗೆ ಓದಿದ್ದು ನೋಡಿ ಒಂದು ಕ್ಷಣ ಎಲ್ಲರೂ ಸುಮ್ಮನಿದ್ದರು. ಆಮೇಲೆ ಹಿಂದಿನಿಂದ ಯಾರೋ, "ನಂದೂ ಒಂದಿದೆ."

ಅಲ್ಲಿಂದ ಬುಕ್ಕು ತುಂಬತೊಡಗಿತು. ತಾರೀಕಿಲ್ಲದ ಈಥರ್ ಬಾಟಲಿ. ಕಿತ್ತುಬಂದ ಕಂಡೆನ್ಸರ್ ಪೈಪ್. ಬ್ಯುಟೈಲ್ ಲಿಥಿಯಂ ಸೂಜಿಯ ತುದಿಯಲ್ಲಿ ಕಿಡಿ. ಆ ಕಿಡಿಯ ದಿನ ಶೆರಿ ಸಂಗ್ಜಿಯ ವಿಷಯ ಹೇಳಿದೆ. ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದ ಲ್ಯಾಬು, 2008ರ ಡಿಸೆಂಬರ್ 29, ಕ್ರಿಸ್‌ಮಸ್ ರಜೆಯ ಹೊತ್ತು. ಟರ್ಶಿಯರಿ ಬ್ಯುಟೈಲ್ ಲಿಥಿಯಂ ಎಳೆಯುವಾಗ ಸಿರಿಂಜಿನ ಹಿಂಭಾಗ ಕಳಚಿತು. ಗಾಳಿ ತಗುಲಿದರೆ ಉರಿಯುವ ವಸ್ತು. ಆಕೆ ಏಪ್ರನ್ ಹಾಕಿರಲಿಲ್ಲ, ಮೈಮೇಲೆ ಸಿಂಥೆಟಿಕ್ ಸ್ವೆಟರ್ ಇತ್ತು. 18 ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು, ವಯಸ್ಸು 23. ನಮ್ಮ ಗುಂಪಿನಲ್ಲಿ ಐದು ಜನರ ವಯಸ್ಸು ಅಷ್ಟೇ. ಅವತ್ತು ಮಧ್ಯಾಹ್ನ ಇಬ್ಬರು ಹುಡುಗಿಯರು ಬಂದು "ನೈಲಾನ್ ದುಪಟ್ಟಾ ಇಡೋಕೆ ಲಾಕರ್ ಬೇಕು ಮೇಡಂ" ಅಂದರು. ನಾನು ಎಷ್ಟೋ ಸಲ ಬೈದಿದ್ದ ವಿಷಯ ಅದು. ಇಡೋಕೆ ಜಾಗವೇ ಇಲ್ಲ ಅಂತ ನನಗೆ ಹೊಳೆದೇ ಇರಲಿಲ್ಲ.

ಏಳೆಂಟು ತಿಂಗಳಾದ ಮೇಲೆ ಒಂದು ಭಾನುವಾರ ಬುಕ್ಕನ್ನು ಮನೆಗೆ ತಂದು, ಎಂಟ್ರಿಗಳ ಮುಂದೆ ಇದ್ದ ಹೊತ್ತನ್ನು ಒಂದು ಹಾಳೆಯಲ್ಲಿ ಗುರುತು ಹಾಕಿದೆ. ಬೆಳಿಗ್ಗೆ ಅಲ್ಲೊಂದು ಇಲ್ಲೊಂದು. ಊಟದ ನಂತರ ಒಂದಷ್ಟು. ಐದರಿಂದ ಐದೂ ನಲವತ್ತರ ನಡುವೆ ಜಾತ್ರೆ. ನೈಟ್ರಿಕ್ ಆಸಿಡ್ ಬಾಟಲಿಗೆ ಹೋದದ್ದೂ ಅದೇ ಹೊತ್ತಿಗೆ. ನಾನು ವರ್ಷಗಟ್ಟಲೆ ಆಸಿಡ್, ಸಾಲ್ವೆಂಟ್, ಗ್ಲೌಸ್ ಅಂತ ಪಾಠ ಮಾಡಿದ್ದೆ. ಬಸ್ಸಿನ ಬಗ್ಗೆ ಒಂದು ಸ್ಲೈಡೂ ಇರಲಿಲ್ಲ.

ನಾಲ್ಕೂವರೆ ಆದ ಮೇಲೆ ಕ್ವೆಂಚ್ ಮಾಡಬಾರದು, ವೇಸ್ಟ್ ಸುರಿಯಬಾರದು ಅಂತ ನಾವೇ ತೀರ್ಮಾನ ಮಾಡಿಕೊಂಡೆವು. ಆ ಹಾಳೆ ಹಿಡಿದು ಮೂರು ತಿಂಗಳಿನ ಸಮಿತಿಗೂ ಹೋದೆ, 6:30ಕ್ಕೆ ಎರಡನೇ ಟ್ರಿಪ್ ಬೇಕು ಅಂತ. "ಬಸ್ಸು ಸೇಫ್ಟಿ ವಿಷಯ ಹೇಗಾಗುತ್ತೆ?" ಅಂದರು. ಹಾಳೆ ತೋರಿಸಿದೆ. ನಾಲ್ಕು ತಿಂಗಳು, ಎರಡು ಮೀಟಿಂಗು, ಒಂದಷ್ಟು ಮೇಲ್ ಆದ ಮೇಲೆ ಎರಡನೇ ಬಸ್ಸು ಬಂತು.

ಸದ್ಯ ಬುಕ್ ಈಗ ನಾಲ್ಕನೆಯದು ನಡೆಯುತ್ತಿದೆ. ಹೋದ ವಾರ ತೆರೆದೆ. ಕೊನೆಯ ಎಂಟ್ರಿ ಅದೇ ದುಂಡಗಿನ ಕನ್ನಡ ಅಕ್ಷರದಲ್ಲಿತ್ತು. "ಹೊಸ ಸರ್ ಊದುಗೊಳವೆ ತಂದು ಸೀಮೆಎಣ್ಣೆ ಬಾಟಲಿಗೆ ಹಾಕಲು ಹೋದರು. ಬಾಟಲಿ ಕಸಿದುಕೊಂಡೆ. ಬಸ್ಸಿಗೆ ಲೇಟಾಯ್ತು ಅಂದರು. ಟೈಮು 6:20."